ಆರ್ಕಿಡ್‌ಗೆ ಸೆಮಿ ಹೈಡ್ರೋ ಕುಂಡ: ತೂತು ಎಲ್ಲಿರಬೇಕು, ಗಿಡ ಯಾವಾಗ ಬದಲಿಸಬೇಕು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ 4ನೇ ಮಹಡಿಯಲ್ಲಿದ್ದೇವೆ. ಪೂರ್ವಕ್ಕೆ ಗ್ರಿಲ್ ಹಾಕಿದ ಬಾಲ್ಕನಿ ಇದೆ. ಹೂಬಿಟ್ಟಿದ್ದ ಎರಡು ಫಲೆನಾಪ್ಸಿಸ್, ಒಂದು ಡೆಂಡ್ರೋಬಿಯಂ ತಂದು, ಗಾಜಿನ ಜಾರ್‌ಗಳಲ್ಲಿ ಲೇಕಾ ಬಾಲ್ಸ್ (ಸುಟ್ಟ ಜೇಡಿಮಣ್ಣಿನ ಗುಂಡುಗಳು) ತುಂಬಿ ನೆಟ್ಟು, ತಳದಲ್ಲಿ ನೀರು ನಿಲ್ಲುವಂತೆ ಇಟ್ಟೆ. ತಿಂಗಳೊಳಗೆ ಫಲೆನಾಪ್ಸಿಸ್ ಎಲೆ ಸುಕ್ಕುಗಟ್ಟಿತು, ಕೆಳಗಿನ ಬೇರು ಕಂದಾಗಿ ಮೆತ್ತಗಾಗಿದೆ. ಗುಂಡುಗಳ ಮೇಲೆ ಬಿಳಿ ಪುಡಿ ಕೂತಿದೆ. ನಿಂತ ನೀರಲ್ಲಿ ಸೊಳ್ಳೆ ಆಗುತ್ತದೆ ಎಂದು ಸೊಸೈಟಿಯವರ ತಕರಾರು ಬೇರೆ. ಪುಣೆಯ ವಾಘೋಲಿಯಲ್ಲಿರುವ ಅಕ್ಕನಿಗೂ ಹೀಗೇ ಬೆಳೆಸುವ ಆಸೆ. ಅವರಿಗೆ ಟ್ಯಾಂಕರ್ ನೀರು. ಕುಂಡವನ್ನು ಸರಿಯಾಗಿ ತಯಾರಿಸುವುದು ಹೇಗೆ?

ಉತ್ತರ: ನೀವು ಮಾಡಿದ್ದರಲ್ಲಿ ಎರಡು ಕಡೆ ಎಡವಟ್ಟಾಗಿದೆ. ಜಾರ್‌ಗೆ ತೂತಿಲ್ಲ, ಗಿಡವನ್ನು ಹಳೆ ಕುಂಡದಿಂದ ಲೇಕಾಕ್ಕೆ ಬದಲಿಸಿದ ಹೊತ್ತು ಸರಿಯಿಲ್ಲ. ಬಿಳಿ ಪುಡಿ, ಸೊಳ್ಳೆ ಎರಡೂ ಮೊದಲನೆಯದರ ಹಿಂದೆಯೇ ಬಂದವು. ಈ ಎರಡು ನೇರವಾದರೆ ಗೊಬ್ಬರದಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿಯಾದರೂ ಗಿಡ ತಡೆದುಕೊಳ್ಳುತ್ತದೆ.

ಮೊದಲು ಸೆಮಿ ಹೈಡ್ರೋ, ಅಂದರೆ ಮಣ್ಣಿಲ್ಲದೆ ತಳದ ನೀರಿನಿಂದ ಬೆಳೆಸುವ ಈ ಪದ್ಧತಿ, ಹೇಗೆ ಕೆಲಸ ಮಾಡುತ್ತದೆ ನೋಡೋಣ. ಕುಂಡದ ತಳದಲ್ಲಿ ಎರಡು-ಎರಡೂವರೆ ಸೆಂ.ಮೀ. ನೀರು. ಅದರ ಮೇಲೆ ಸುಟ್ಟ ಜೇಡಿಮಣ್ಣಿನ ಗುಂಡುಗಳು, ಅಂದರೆ ಲೇಕಾ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಗುಂಡುಗಳು ಒಂದರಿಂದೊಂದಕ್ಕೆ ನೀರನ್ನು ಮೇಲಕ್ಕೆ ದಾಟಿಸುತ್ತವೆ. ಗುಂಡುಗಳ ಮೈ ತೇವ, ನಡುವಿನ ಸಂದುಗಳಲ್ಲಿ ಗಾಳಿ. ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರಿಗೆ ಬೇಕಾದದ್ದು ಈ ಜೋಡಿಯೇ. ನೀರಿನ ಮಟ್ಟ ಮೇಲೇರಿದಷ್ಟೂ ಗಾಳಿಯ ಪಾಲು ಕಡಿಮೆಯಾಗಿ ಬೇರಿಗೆ ಆಮ್ಲಜನಕ ಸಿಗದೆ ಕೊಳೆಯುತ್ತದೆ. ತೂತಿಲ್ಲದ ಜಾರ್‌ನಲ್ಲಿ ಆ ಮಟ್ಟವನ್ನು ದಿನಾ ಕಣ್ಣಳತೆಯಲ್ಲೇ ಕಾಯಬೇಕು. ತೂತಿದ್ದರೆ ಹೆಚ್ಚಾದ ನೀರು ತಾನೇ ಹೊರಗೆ ಹೋಗುತ್ತದೆ.

ಕುಂಡ

ಇದಕ್ಕೆಂದೇ ಮಾಡಿದ ಕುಂಡ ಸಿಗುತ್ತದೆ, ಆದರೆ ಖರ್ಚು ಮಾಡಬೇಕಿಲ್ಲ. ಒಂದು ಲೀಟರಿನ ದುಂಡನೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಸಣ್ಣ ಗಿಡಕ್ಕೆ ಶ್ರೀಖಂಡದ ಅರ್ಧ ಕಿಲೋ ಡಬ್ಬಿಯೂ ನಡೆಯುತ್ತದೆ. ಎತ್ತರ 10ರಿಂದ 14 ಸೆಂ.ಮೀ. ಇರಲಿ. ಇನ್ನೂ ಎತ್ತರದ್ದಾದರೆ ಮೇಲಿನ ಗುಂಡುಗಳಿಗೆ ನೀರು ಏರುವುದಿಲ್ಲ. ತಗ್ಗಾದರೆ ನೀರಿಗೂ ಬೇರಿಗೂ ಅಂತರವೇ ಉಳಿಯುವುದಿಲ್ಲ. ಅಗಲ ಬೇರಿನ ಗೊಂಚಲಿಗಿಂತ ಸುತ್ತಲೂ ಎರಡು ಬೆರಳು ಹೆಚ್ಚಿರಲಿ. ಮುಂದೆ ದೊಡ್ಡದಾಗುತ್ತದಲ್ಲ ಎಂದು ದೊಡ್ಡ ಡಬ್ಬಿ ತೆಗೆದುಕೊಳ್ಳಬೇಡಿ.

ತೂತು ತಳದಲ್ಲಿ ಅಲ್ಲ, ಪಕ್ಕದಲ್ಲಿ. ಡಬ್ಬಿಯ ಒಳತಳದಿಂದ 2.5 ಸೆಂ.ಮೀ. ಅಳೆದು ಮಾರ್ಕರ್‌ನಲ್ಲಿ ಗುರುತು ಹಾಕಿ. ಅನೇಕ ಡಬ್ಬಿಗಳ ತಳ ಒಳಕ್ಕೆ ಉಬ್ಬಿರುತ್ತದೆ. ಹೊರಗಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಒಂದೇ ಮಟ್ಟದಲ್ಲಿ ಎರಡು ಸೆಂ.ಮೀ. ಅಂತರದಲ್ಲಿ 6 ಮಿ.ಮೀ.ನ ಎರಡು ತೂತು. ಒಂದಕ್ಕೆ ಬೇರೋ ಗುಂಡೋ ಅಡ್ಡ ಬಂದರೆ ಇನ್ನೊಂದು ಕೆಲಸ ಮಾಡುತ್ತದೆ. ಎರಡೂ ಒಂದೇ ಪಕ್ಕದಲ್ಲಿದ್ದರೆ ಸಿಂಕಿನ ಕಡೆಗೆ ತಿರುಗಿಸಿ ನೀರು ಹಾಕಬಹುದು, ಬಾಲ್ಕನಿಯೆಲ್ಲ ಒದ್ದೆಯಾಗದು. ಕಾಯಿಸಿದ ಮೊಳೆಯಿಂದಲೋ ಸೋಲ್ಡರಿಂಗ್ ಐರನ್‌ನಿಂದಲೋ ತೂತು ಮಾಡುವಾಗ ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ. ಗಟ್ಟಿ ಪ್ಲಾಸ್ಟಿಕ್‌ಗೆ ಡ್ರಿಲ್ ಹಾಕಿದರೆ ಸೀಳುವುದುಂಟು. ಒಳಗೆ ಮರದ ತುಂಡು ಆನಿಸಿ ನಿಧಾನಕ್ಕೆ ಕೊರೆಯಿರಿ.

ನೀರೆಷ್ಟು ನಿಲ್ಲುತ್ತದೆ ಎಂಬುದಕ್ಕೆ ಒಂದು ಅಂದಾಜು: ತಳದ ವ್ಯಾಸ 11 ಸೆಂ.ಮೀ. ಇದ್ದರೆ ತೂತಿನವರೆಗಿನ ಜಾಗ ಸುಮಾರು 235 ಮಿ.ಲೀ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಡುಗಳೇ ತುಂಬಿರುತ್ತವೆ. ಉಳಿಯುವ ನೀರು 100 ಮಿ.ಲೀ. ಆಸುಪಾಸು. ಡೊಂಬಿವಲಿಯ ಮಳೆಗಾಲದಲ್ಲಿ ಇದು ವಾರ ದಾಟಿದರೂ ಆಶ್ಚರ್ಯವಿಲ್ಲ. ಏಪ್ರಿಲ್‌ನ ಪುಣೆಯಲ್ಲಿ ಎರಡು ಮೂರು ದಿನಕ್ಕೇ ಆವಿಯಾದೀತು. ಆದ್ದರಿಂದ ಅಕ್ಕನವರ ಡಬ್ಬಿಗೆ ತೂತು 3 ಸೆಂ.ಮೀ. ಎತ್ತರದಲ್ಲಿರಲಿ, ನಿಮಗೆ 2ರಿಂದ 2.5 ಸಾಕು.

ಪಾರದರ್ಶಕ ಡಬ್ಬಿಯಲ್ಲಿ ನೀರಿನ ಮಟ್ಟವೂ ಬೇರಿನ ಬಣ್ಣವೂ ಕಾಣುತ್ತದೆ, ಆದರೆ ಬೆಳಕು ಬಿದ್ದಲ್ಲೆಲ್ಲ ಪಾಚಿ ಕಟ್ಟುತ್ತದೆ. ಪಾಚಿ ಗಿಡ ಕೊಲ್ಲುವುದಿಲ್ಲ, ತೂತು ಮುಚ್ಚುತ್ತದೆ, ನೋಡಲು ಅಸಹ್ಯ. ಡಬ್ಬಿಯನ್ನು ಸ್ವಲ್ಪ ದೊಡ್ಡ ಪಿಂಗಾಣಿ ಕುಂಡದೊಳಗೆ ಇಳಿಸಿಡಿ, ಅಥವಾ ಸುತ್ತ ದಪ್ಪ ಕಾಗದ ಸುತ್ತಿ. ಪಿಂಗಾಣಿಯಲ್ಲಿಟ್ಟರೆ ನೀರು ಹಾಕುವಾಗ ಡಬ್ಬಿಯನ್ನು ಹೊರಗೆ ತೆಗೆದು, ಪೂರ್ತಿ ಬಸಿದ ಮೇಲೆಯೇ ಮತ್ತೆ ಇಳಿಸಿ. ಇಲ್ಲದಿದ್ದರೆ ಹೊರಕುಂಡದಲ್ಲಿ ನೀರು ನಿಂತು, ತೂತು ಇದ್ದೂ ಇಲ್ಲದಂತಾಗುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಕಪ್ಪು ಕುಂಡ ಬೇಡ, ಒಳಗಿನ ಬೇರು ಬೇಯುತ್ತದೆ.

ಲೇಕಾ

8ರಿಂದ 16 ಮಿ.ಮೀ. ಗಾತ್ರದ್ದು ಆರ್ಕಿಡ್‌ಗೆ ಒಗ್ಗುತ್ತದೆ. ಕೆಲವರು ಕಿಲೋ ಲೆಕ್ಕದಲ್ಲಿ, ಕೆಲವರು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಕಿಲೋ ಎಂದರೆ ಹತ್ತಿರಹತ್ತಿರ ಎರಡೂವರೆ-ಮೂರು ಲೀಟರ್. ನಿಮ್ಮ ಮೂರು ಗಿಡಕ್ಕೆ ಅಷ್ಟು ಸಾಕು.

ಕೊಂಡ ಗುಂಡು ನೀರು ಏರಿಸುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ತೊಳೆದು ಒಣಗಿಸಿದ ಗುಂಡುಗಳನ್ನು ಉದ್ದನೆಯ ಗಾಜಿನ ಲೋಟಕ್ಕೆ ತುಂಬಿ, ಲೋಟದ ಅಂಚಿನಿಂದ ಮೆಲ್ಲಗೆ ಎರಡು ಸೆಂ.ಮೀ. ನೀರು ಬಿಡಿ. ಮಾರನೆಯ ದಿನ ನೋಡಿ: ನೀರು ತಾಗಿದ ಗುಂಡು ಕಡುಕಂದು, ತಾಗದ್ದು ತಿಳಿ ಮಣ್ಣಿನ ಬಣ್ಣ. ಕಡುಬಣ್ಣ ನೀರಿನ ಮಟ್ಟದಿಂದ ಏಳೆಂಟು ಸೆಂ.ಮೀ. ಮೇಲೆ ಬಂದಿದ್ದರೆ ಒಳ್ಳೆಯ ಸರಕು. ಒಂದೆರಡು ಸಾಲಿಗೇ ನಿಂತಿದ್ದರೆ ಆ ಗುಂಡುಗಳ ಹೊರಮೈ ಗಾಜಿನಂತೆ ಕಟ್ಟಿಕೊಂಡಿದೆ ಎಂದರ್ಥ. ಅದನ್ನು ಅಲಂಕಾರಕ್ಕೆ ಬಳಸಿ.

ಹೊಸ ಲೇಕಾದಲ್ಲಿ ಕೆಂಪು ಧೂಳು ವಿಪರೀತ. ಬಕೆಟ್‌ನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಕೂರುತ್ತದೆ. ಬಳಿಕ ಹೊಸ ನಲ್ಲಿ ನೀರಲ್ಲಿ 24 ಗಂಟೆ ನೆನೆಸಿ, ಆ ನೀರಿಗೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಉಪ್ಪನ್ನು ಅಳೆಯುವ ಸಾಧನ) ಅದ್ದಿ. ನಲ್ಲಿ ನೀರಿಗಿಂತ ಓದಿಕೆ ಬಹಳ ಏರಿದ್ದರೆ ಗುಂಡಿನಿಂದ ಉಪ್ಪು ಬಿಡುತ್ತಿದೆ. ನೀರು ಬದಲಿಸಿ ಮತ್ತೆ ನೆನೆಸಿ. ಎರಡೂ ಓದಿಕೆ ಹೆಚ್ಚುಕಮ್ಮಿ ಸಮವಾಗುವವರೆಗೆ ಇದು ನಡೆಯಲಿ. ಕೆಲವು ಸರಕಿಗೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಒಣ ಗುಂಡಿನಲ್ಲಿ ಗಿಡ ನೆಟ್ಟರೆ ಗುಂಡೇ ಬೇರಿನ ತೇವ ಹೀರುತ್ತದೆ, ಹಾಗಾಗಿ ನೆನೆದದ್ದನ್ನೇ ಬಳಸಿ.

ಇಟ್ಟಿಗೆ ಚೂರು ಆಗದೇ ಎಂದು ಕೇಳುವವರಿದ್ದಾರೆ. ಗೋವಾ ಕಡೆಯವರಿಗೆ ಮನೆ ಹಿಂದೆಯೇ ಸಿಗುವ ಚಿರೇಕಲ್ಲಿನ ಮೇಲೆ ಕಣ್ಣು. ತೂಗುಬುಟ್ಟಿಗೆ ಇಟ್ಟಿಗೆ ಚೂರು ಸೈ. ತಳದಲ್ಲಿ ಸದಾ ನೀರು ನಿಲ್ಲುವ ಈ ಕುಂಡಕ್ಕೆ ಎರಡೂ ಬೇಡ: ಸವೆದು ಉದುರುವ ನುಣ್ಣನೆಯ ಮಣ್ಣು ತಳಕ್ಕಿಳಿದು ಗಾಳಿಸಂದುಗಳನ್ನು ಮುಚ್ಚಿಬಿಡುತ್ತದೆ.

ಗಿಡ ಬದಲಿಸುವ ಹೊತ್ತು

ಹೆಚ್ಚಿನವರು ಸೋಲುವುದು ಇಲ್ಲೇ. ಮಾಸ್‌ನಲ್ಲೋ (ಒಣಗಿಸಿದ ಹಾವಸೆ) ತೆಂಗಿನ ಸಿಪ್ಪೆಯಲ್ಲೋ ಬೆಳೆದ ಬೇರು ಅಲ್ಲಿನ ತೇವ-ಗಾಳಿಗೆ ಹೊಂದಿಕೊಂಡೇ ಬೆಳೆದಿರುತ್ತದೆ. ಬೆಳೆದು ಮುಗಿದ ಬೇರು ತನ್ನ ರಚನೆಯನ್ನು ಬದಲಿಸಿಕೊಳ್ಳಲಾರದು. ಲೇಕಾಕ್ಕೆ ತಂದಾಗ ಹಳೆಯ ಬೇರುಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ಸಾಯುತ್ತದೆ. ಇದು ಸಹಜ, ಗಾಬರಿ ಬೇಡ. ಅಷ್ಟರೊಳಗೆ ಲೇಕಾದಲ್ಲೇ ಹುಟ್ಟಿದ ಹೊಸ ಬೇರು ಕೆಲಸ ವಹಿಸಿಕೊಂಡಿರಬೇಕು. ಹೊಸ ಬೇರಿನ ಸೂಚನೆಯೇ ಇಲ್ಲದಾಗ, ಅದೂ ಹೂವಿನ ಭಾರ ಹೊತ್ತಿರುವಾಗ ಬದಲಿಸಿದರೆ ನಡುವೆ ಗಿಡಕ್ಕೆ ನೀರು ಕುಡಿಸುವವರು ಯಾರೂ ಇರುವುದಿಲ್ಲ. ನಿಮ್ಮಲ್ಲಿ ಎಲೆ ಸುಕ್ಕಾದದ್ದು ಹೀಗೆ.

ಕ್ಯಾಲೆಂಡರ್ ನೋಡಬೇಡಿ, ಕಾಂಡದ ಬುಡ ನೋಡಿ. ಫಲೆನಾಪ್ಸಿಸ್‌ನಲ್ಲಿ ಎಲೆಗಳ ಬುಡದ ನಡುವಿನಿಂದ ಹಸಿರು ಇಲ್ಲವೇ ನಸುಗೆಂಪು ಮೊನೆಯ ಮೊಳಕೆ ಅರ್ಧದಿಂದ ಎರಡು ಸೆಂ.ಮೀ. ಬಂದಿರಬೇಕು. ಮೊನೆ ತೇವವಾಗಿ ಹೊಳೆಯುತ್ತಿದ್ದರೆ ಬೇರು ಓಡುತ್ತಿದೆ. ಬೂದುಹೊದಿಕೆ ತುದಿಯವರೆಗೂ ಮುಚ್ಚಿದ್ದರೆ ನಿಂತಿದೆ, ಕಾಯಿರಿ. ಡೆಂಡ್ರೋಬಿಯಂನಲ್ಲಿ ಹೊಸ ಕಬ್ಬು (ಕಬ್ಬಿನ ಜಲ್ಲೆಯಂಥ ಕಾಂಡ) ಎದ್ದು ಅದರ ಬುಡದಲ್ಲಿ ಬೇರಿನ ಗಂಟು ಕಾಣಿಸಿದಾಗ ಕೈಹಾಕಿ. ಬೇರು ಏಳುತ್ತಿದ್ದರೆ ಮುಂಬೈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅನುಕೂಲ. ಗಾಳಿಯಲ್ಲೇ ತೇವ ಇರುವುದರಿಂದ ಹಳೆ ಬೇರು ಹೋದರೂ ಎಲೆ ಬೇಗ ಬಾಡದು. ಪುಣೆಯಲ್ಲಿ ಡಿಸೆಂಬರ್-ಜನವರಿ ಬೇಡವೇ ಬೇಡ.

ಎಲ್ಲ ಆರ್ಕಿಡ್‌ಗೂ ಇದು ಹೊಂದದು. ಫಲೆನಾಪ್ಸಿಸ್, ಒನ್ಸಿಡಿಯಂ, ಪ್ಯಾಫಿಯೋಪೆಡಿಲಂ, ನಮ್ಮ ಮಾರುಕಟ್ಟೆಗೆ ಬರುವ ಸಾಮಾನ್ಯ ಹೈಬ್ರಿಡ್ ಡೆಂಡ್ರೋಬಿಯಂಗಳಿಗೆ ಸರಿ. ಚಳಿಗಾಲದಲ್ಲಿ ಒಣ ವಿಶ್ರಾಂತಿ ಬೇಡುವ ನೋಬಿಲೆ ಜಾತಿಯ ಡೆಂಡ್ರೋಬಿಯಂಗೆ ಬೇಡ. ವಾಂಡಾ, ಘಟ್ಟದ ಸೀತಾಳೆ ದಂಡೆಯಂಥವು ಬುಟ್ಟಿಯಲ್ಲಿ ಬೇರು ಇಳಿಬಿಟ್ಟುಕೊಂಡು ಗಾಳಿಯಲ್ಲೇ ಇರಬೇಕಾದವು. ಸೀತಾಳೆಯನ್ನು ಊರಿಗೆ ಹೋದಾಗ ಕಾಡಿನ ಮರದಿಂದ ಕಿತ್ತು ತರುವ ಚಾಳಿಯಂತೂ ನಿಲ್ಲಬೇಕು.

ನೆಡುವ ಕ್ರಮ

ಹೂಕಡ್ಡಿ ಇದ್ದರೆ ಕತ್ತರಿಸಿ. ಬೇರುಗಂಟನ್ನು 20 ನಿಮಿಷ ನೀರಲ್ಲಿ ನೆನೆಸಿ ಹಳೆ ಮಾಸ್ ಬಿಡಿಸಿ. ಅಂಗಡಿಯ ಫಲೆನಾಪ್ಸಿಸ್‌ನ ನಟ್ಟನಡುವೆ ಸಸಿಯಿದ್ದಾಗಿನ ಗಟ್ಟಿ ಮಾಸ್‌ಮುದ್ದೆ, ಕೆಲವೊಮ್ಮೆ ಸಣ್ಣ ಪ್ಲಾಸ್ಟಿಕ್ ಬಲೆಬುಟ್ಟಿ ಸಹಿತ, ಅಡಗಿರುತ್ತದೆ. ಅದನ್ನು ಚಿಮುಟದಿಂದ ಎಳೆಎಳೆಯಾಗಿ ತೆಗೆಯಲೇಬೇಕು. ಲೇಕಾದೊಳಗೆ ಆ ಮುದ್ದೆ ಉಳಿದರೆ ಸದಾ ನೀರು ಹಿಡಿದು, ಕೊಳೆ ಕಾಂಡಕ್ಕೇ ಹತ್ತುತ್ತದೆ.

ಬೇರನ್ನು ಬಣ್ಣ ನೋಡಿ ಕತ್ತರಿಸಬೇಡಿ, ಒತ್ತಿ ನೋಡಿ. ಗಟ್ಟಿ ಇದ್ದರೆ ಕಂದಾದರೂ ಬಿಡಿ. ಪಿಚಕ್ಕೆಂದರೆ ಅಥವಾ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ತೆಗೆಯಿರಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಮುಂಚೆ ಬೆಂಕಿಯಲ್ಲಿ ಕಾಯಿಸಿ ಆರಿಸಿ. ಬೇರಿಗೆ ದಾಲ್ಚಿನ್ನಿ ಪುಡಿ ಬಳಿಯುವ, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವ ಸಲಹೆ ಎಲ್ಲೆಡೆ ಓಡಾಡುತ್ತದೆ. ದಾಲ್ಚಿನ್ನಿ ಜೀವಂತ ಬೇರನ್ನು ಒಣಗಿಸುತ್ತದೆ, ಪೆರಾಕ್ಸೈಡ್ ಎಳೆಮೊನೆಯನ್ನು ಸುಡುತ್ತದೆ. ಎರಡೂ ಬೇಡ. ಕತ್ತರಿಸಿದ ಗಾಯ ನೆರಳಲ್ಲಿ ಅರ್ಧ ದಿನ ಆರಿದರೆ ಸಾಕು.

ತೂತಿನ ಮಟ್ಟದಿಂದ ಒಂದು ಬೆರಳು ಮೇಲಿನವರೆಗೆ ಗುಂಡು ತುಂಬಿ ಗಿಡ ಹಿಡಿಯಿರಿ. ಹಳೆ ಬೇರಿನ ತುದಿಗಳು ನೀರಿಗೆ ಮುಳುಗದಿರಲಿ. ಉದ್ದವಾದವನ್ನು ಸುತ್ತ ಬಳಸಿ ಕೂರಿಸಿ. ಕಾಂಡದ ಬುಡ ಗುಂಡುಗಳ ಮೇಲ್ಮಟ್ಟಕ್ಕೆ ಸರಿಯಾಗಿರಬೇಕು, ಹೊಸ ಮೊನೆಗಳು ಮೇಲಿನ ಗುಂಡಿಗೆ ಆಗಲೇ ತಾಗುವಂತಿರಬೇಕು. ಉಳಿದ ಗುಂಡು ಸುರಿದು ಡಬ್ಬಿಯನ್ನು ತಟ್ಟಿ. ಬೆರಳಿಂದ ಒತ್ತಿದರೆ ಮೊನೆ ಮುರಿಯುತ್ತದೆ. ಗಿಡ ಅಲ್ಲಾಡಿದರೆ ಕಡ್ಡಿ ಊರಿ ಕಟ್ಟಿ. ಅಲ್ಲಾಡುವ ಗಿಡದ ಎಳೆಬೇರು ಗುಂಡಿಗೆ ಉಜ್ಜಿ ಮೊಂಡಾಗುತ್ತದೆ, ನೆಟ್ಟವರಿಗೆ ಕಾರಣವೇ ಗೊತ್ತಾಗುವುದಿಲ್ಲ. ಮೇಲಿನಿಂದ ಬರೀ ನೀರು ಸುರಿದು ತೂತಿನಿಂದ ಹರಿಸಿ, ಮೂರು ವಾರ ಗಾಳಿಯಾಡುವ ನೆರಳಿನಲ್ಲಿಡಿ.

ನೀರು, ಗೊಬ್ಬರ

ಪ್ರತಿಸಲ ನೀರು ಹಾಕುವಾಗ ಚಮಚದಲ್ಲಿ ಕುಡಿಸಿದಂತೆ ಮಾಡಬೇಡಿ. ಡಬ್ಬಿ ಕಂಠದವರೆಗೆ ತುಂಬುವಂತೆ ಒಮ್ಮೆಲೇ ಸುರಿದು ತೂತಿನಿಂದ ಬಸಿಯಲು ಬಿಡಿ. ನೀರು ಇಳಿಯುವಾಗ ಹೊಸ ಗಾಳಿ ಒಳಗೆ ಬರುತ್ತದೆ, ಹಳೆಯ ಉಪ್ಪು ತೊಳೆದು ಹೋಗುತ್ತದೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಮಳೆಗಾಲದಲ್ಲಿ ಒಂದು ಸಲ. ತಿಂಗಳಿಗೊಮ್ಮೆ ಗೊಬ್ಬರವಿಲ್ಲದ ನೀರಿನಿಂದ ಮೂರು ನಾಲ್ಕು ಬಾರಿ ಹೀಗೆ ತೊಳೆಯಿರಿ. ನಿಮ್ಮ ಬಿಳಿ ಪುಡಿ ಇದೇ ಉಪ್ಪು: ನೀರು ಮೇಲೇರಿ ಆವಿಯಾಯಿತು, ಅದರಲ್ಲಿದ್ದದ್ದು ಗುಂಡಿನ ಮೇಲೆ ಕೂತಿತು. ಎಳೆಬೇರು ಮೊದಲು ಮುಟ್ಟುವುದು ಆ ಪದರವನ್ನೇ, ಮುಟ್ಟಿ ಸುಡುತ್ತದೆ. ಮೇಲಿನ ಒಂದು ಸಾಲು ಗುಂಡು ತೆಗೆದು ಬೇರೆ ಹಾಕಿ. ತೆಗೆದದ್ದನ್ನು ನೆನೆಸಿ ಮತ್ತೆ ಬಳಸಬಹುದು.

ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳಿಂದ ಮುಂಬೈಗೆ ಬರುವ ನೀರು ಮೆದು. ನಿಮಗೆ ಬರುವ ಉಲ್ಹಾಸ್ ನದಿಯ ನೀರೂ ಟಿಡಿಎಸ್ ಮೀಟರ್‌ನಲ್ಲಿ ಅಳೆದು 150 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಒಳಗಿದ್ದರೆ ಯೋಚನೆಯೇ ಬೇಡ. ಬೋರ್‌ವೆಲ್, ಟ್ಯಾಂಕರ್ ನೀರಿನದು ಬೇರೆ ಕತೆ. ಓದಿಕೆ 300 ದಾಟಿದರೆ ಅಕ್ಕ ಅದಕ್ಕೆ ಆರ್‌ಒ ನೀರನ್ನೋ ಮಳೆನೀರನ್ನೋ ಅರ್ಧಕ್ಕರ್ಧ ಬೆರೆಸಲಿ. ಎಸಿಯಿಂದ ತೊಟ್ಟಿಕ್ಕುವ ನೀರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ, ಎಸಿ ಸ್ವಚ್ಛವಾಗಿದ್ದರೆ ಬೆರೆಸಲು ಅದೂ ಆದೀತು. ಆರ್‌ಒ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರು, ಸಾಫ್ಟನರ್ ದಾಟಿದ ನೀರು ಎರಡೂ ನಿಷಿದ್ಧ. ಮೊದಲನೆಯದರಲ್ಲಿ ಉಪ್ಪು ಒಟ್ಟಾಗಿರುತ್ತದೆ, ಎರಡನೆಯದರಲ್ಲಿ ಸೋಡಿಯಂ.

ಗೊಬ್ಬರಕ್ಕೆ ಎಲ್ಲರೂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಹಿಡಿಯುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಅರ್ಧಕ್ಕೂ ಹೆಚ್ಚು ಪಾಲು ಯೂರಿಯಾ ರೂಪದಲ್ಲಿದೆ. ಮಣ್ಣಿಲ್ಲದ ಕುಂಡದಲ್ಲಿ ಯೂರಿಯಾವನ್ನು ಬೇರಿಗೆ ಒಗ್ಗಿಸಿಕೊಡುವ ಸೂಕ್ಷ್ಮಜೀವಿಗಳು ಕಡಿಮೆ. ಕೃಷಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡು ಎರಡು ಬಾಟಲಿ ಮಾಡಿಟ್ಟುಕೊಳ್ಳುವುದು ಲೇಸು. ಮೊದಲ ಬಾಟಲಿ: ಒಂದು ಲೀಟರ್ ನೀರಿಗೆ 30 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್. ಎರಡನೆಯದು: ಒಂದು ಲೀಟರ್‌ಗೆ 15 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ (13:0:45), 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 5 ಗ್ರಾಂ ಮೋನೋ ಅಮೋನಿಯಂ ಫಾಸ್ಫೇಟ್ (12:61:0), 2 ಗ್ರಾಂ ಚೀಲೇಟೆಡ್ ಲಘುಪೋಷಕಾಂಶ ಮಿಶ್ರಣ. ಇವೆರಡನ್ನು ನೇರ ಬೆರೆಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಬಿಳಿ ಗಸಿಯಾಗಿ ತಳ ಸೇರುತ್ತದೆ. ಬಳಸುವಾಗ ಒಂದು ಲೀಟರ್ ನೀರಿಗೆ ಒಂದರಿಂದ 10 ಮಿ.ಲೀ. ಹಾಕಿ ಕಲಕಿ, ಆಮೇಲೆ ಇನ್ನೊಂದರಿಂದ 10 ಮಿ.ಲೀ. ಸಾರಜನಕ ಸುಮಾರು 70 ಪಿಪಿಎಂ ಆಗುತ್ತದೆ. ಮೀಟರ್ ಓದಿಕೆ ನಲ್ಲಿ ನೀರಿಗಿಂತ 350-400ರಷ್ಟು ಏರುತ್ತದೆ. ಹೊಸದಾಗಿ ನೆಟ್ಟದ್ದಕ್ಕೆ ಮೊದಲ ಮೂರು ವಾರ ಬರೀ ನೀರು, ನಂತರ ಎರಡು ತಿಂಗಳು 5 ಮಿ.ಲೀ.ನಂತೆ ಕೊಡಿ. ಟ್ಯಾಂಕರ್ ನೀರಿನವರು ಮೊದಲ ಬಾಟಲಿಯನ್ನು ಅರ್ಧಕ್ಕಿಳಿಸಿ, ಗಡಸು ನೀರಲ್ಲಿ ಕ್ಯಾಲ್ಸಿಯಂ ಮೊದಲೇ ಇರುತ್ತದೆ. ಪಿಎಚ್ 5.5ರಿಂದ 6.5 ಇದ್ದರೆ ಚೆನ್ನ. ನೈಟ್ರೇಟ್ ಪೊಟ್ಟಣಗಳನ್ನು ಗ್ಯಾಸ್ ಒಲೆ, ದೇವರ ದೀಪ, ಮಕ್ಕಳ ಕೈ ಎಲ್ಲದರಿಂದ ದೂರವಿಡಿ.

ಸೊಳ್ಳೆ, ಚಳಿ

ಸೊಸೈಟಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಒಂದು ಬಟ್ಟಲು ನೀರು ಸಾಕು. ತೂತುಗಳಿಗೆ ಹೊರಗಿನಿಂದ ಸೊಳ್ಳೆಪರದೆಯ ತುಂಡು ಅಂಟಿಸಿ, ಗುಂಡಿನ ಮೇಲ್ಪದರ ನೀರಿನಿಂದ ಕನಿಷ್ಠ ಏಳು ಸೆಂ.ಮೀ. ಮೇಲಿರಲಿ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು, ಅಷ್ಟರೊಳಗೆ ಒಮ್ಮೆ ತೊಳೆದಿರುತ್ತೀರಿ. ಅನುಮಾನವಿದ್ದರೆ ಸೊಳ್ಳೆಮರಿಗೆಂದೇ ಸಿಗುವ ಬಿಟಿಐ ಜೈವಿಕ ಪುಡಿಯನ್ನು ಪೊಟ್ಟಣದ ಅಳತೆಯಂತೆ ಬಳಸಿ, ಬೇರಿಗೆ ಕೆಡುಕಿಲ್ಲ. ಸೀಮೆಎಣ್ಣೆ, ಫಿನಾಯಿಲ್ ಹನಿ ಹಾಕಬೇಡಿ. ಹೊರಗಿನ ಪಿಂಗಾಣಿ ಕುಂಡದ ತಳವನ್ನು ಮಾತ್ರ ಮರೆಯದೆ ಒರೆಸಿ, ತಪಾಸಣೆಗೆ ಬಂದವರಿಗೆ ಸಿಕ್ಕಿಬೀಳುವುದು ಸಾಮಾನ್ಯವಾಗಿ ಅದೇ.

ಪುಣೆಯಲ್ಲಿ ಸಮಸ್ಯೆ ಬೇರೆ. ತೇವದ ಗುಂಡಿನಿಂದ ನೀರು ಆವಿಯಾಗುತ್ತಾ ಕುಂಡ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಮೇ ತಿಂಗಳಲ್ಲಿ ಅದು ಗಿಡಕ್ಕೆ ವರ. ರಾತ್ರಿ 10-12 ಡಿಗ್ರಿಗೆ ಇಳಿಯುವ ಚಳಿಗಾಲದಲ್ಲಿ ಫಲೆನಾಪ್ಸಿಸ್ ಬೇರಿಗೆ ಅದೇ ಮುಳುವು. ನವೆಂಬರ್ ಕೊನೆಗೆ ಕುಂಡಗಳು ಮನೆಯೊಳಗೆ ಬರಲಿ, ತಣ್ಣನೆಯ ಟ್ಯಾಂಕ್ ನೀರಿನ ಬದಲು ಕೋಣೆಯಲ್ಲಿಟ್ಟ ನೀರು ಹಾಕಲಿ, ಅದೂ ಬೆಳಗ್ಗೆ. ನಿಮ್ಮ ಪೂರ್ವದ ಬಾಲ್ಕನಿಯಲ್ಲಿ ಡೆಂಡ್ರೋಬಿಯಂ ಗ್ರಿಲ್ ಪಕ್ಕ, ಬೆಳಗಿನ ಬಿಸಿಲಿಗೆ. ಫಲೆನಾಪ್ಸಿಸ್ ಅದರ ಹಿಂದೆ. ಮಳೆ ಎರಚಲು ಹೊಡೆಯುವ ದಿನಗಳಲ್ಲಿ ಫಲೆನಾಪ್ಸಿಸ್ ಡಬ್ಬಿ ತುಸು ವಾಲಿಸಿ, ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ.

ಈಗಿರುವ ಗಿಡಗಳ ವಿಚಾರ. ಇವತ್ತೇ ಜಾರ್‌ನಿಂದ ತೆಗೆದು, ಮೆತ್ತಗಾದ ಬೇರು ಕತ್ತರಿಸಿ, ಬುಡ ನೋಡಿ. ಡೆಂಡ್ರೋಬಿಯಂನ ಕಬ್ಬಿನಲ್ಲಿ ನೀರಿನ ಸಂಗ್ರಹ ಇರುತ್ತದೆ, ಅದು ತಡೆದೀತು. ಹೊಸ ಕಬ್ಬು ಬರುವವರೆಗೆ ಇದ್ದಿಲು-ತೆಂಗಿನ ಸಿಪ್ಪೆಯಲ್ಲಿರಲಿ. ಫಲೆನಾಪ್ಸಿಸ್‌ಗೆ ಹೊಸ ಮೊನೆ ಕಂಡರೆ ಮೇಲಿನಂತೆ ನೇರ ಲೇಕಾಕ್ಕೆ ನೆಡಿ. ಕಾಣದಿದ್ದರೆ ಹಿಂಡಿದ ಸ್ಫ್ಯಾಗ್ನಮ್ ಮಾಸ್ ಒಂದು ಹಿಡಿ ಬುಡದ ಕೆಳಗಿಟ್ಟು, ಗಿಡವನ್ನು ನಾಲ್ಕಾರು ತೂತಿರುವ ಪಾರದರ್ಶಕ ಚೀಲದೊಳಗೆ, ಬಿಸಿಲು ತಾಗದ ಬೆಳಕಿನಲ್ಲಿಡಿ. ಮಾಸ್ ಮುಟ್ಟಿದರೆ ತಂಪು, ಹಿಂಡಿದರೆ ಹನಿ ಬಾರದು, ಅಷ್ಟೇ ತೇವ. ಸುಕ್ಕಾದ ಹಳೆ ಎಲೆಗಳು ಪೂರ್ತಿ ಸರಿಯಾಗಲಿಕ್ಕಿಲ್ಲ, ಅವುಗಳನ್ನು ನೋಡಿ ಅಂದಾಜು ಮಾಡಬೇಡಿ. ಹೊಸ ಬೇರು ಎರಡು ಸೆಂ.ಮೀ. ಆದ ದಿನ ಲೇಕಾ ನೆನೆಹಾಕಲು ಶುರು ಮಾಡಿ.